ಯೋಜಿಸದ ಗರ್ಭ ತಪ್ಪಿಸಿದರೆ ಸಂಸಾರದ ಬಡತನ ಕಡಿಮೆಯಾಗುತ್ತದೆಯೇ?

ಇದು ನಿಜವೋ ಅಥವಾ ಬಡವರ ತಲೆಗೇ ತಪ್ಪು ಕಟ್ಟುವ ಮಾತೋ ಎಂದು ಕೇಳಿದ್ದೀರಿ. ಮಾತು ನಿಜ, ಆದರೆ ಅದನ್ನು ಬಡವರನ್ನು ಹಳಿಯಲು ಬಳಸುವವರೇ ಜಾಸ್ತಿ. ನಾನು ಕುಟುಂಬ ಯೋಜನೆಯ ಆಪ್ತ ಸಮಾಲೋಚಕಿ. ನನ್ನೆದುರು ಕೂರುವವರಲ್ಲಿ "ಎಷ್ಟಾದರೂ ಆಗಲಿ" ಎನ್ನುವವರು ಅಪರೂಪ. "ಈಗ ಬೇಡವಾಗಿತ್ತು" ಎನ್ನುವವರೇ ಹೆಚ್ಚು.

ಆ "ಈಗ" ಎಂಬುದರಲ್ಲೇ ದುಡ್ಡಿನ ವಿಷಯ ಇದೆ. ಮಕ್ಕಳ ಸಂಖ್ಯೆಗಿಂತ ಎರಡು ಹೆರಿಗೆಗಳ ನಡುವಿನ ಕಡಿಮೆ ಅಂತರ ಮನೆಯನ್ನು ಬೇಗ ಅಲ್ಲಾಡಿಸುತ್ತದೆ. ಕೂಸು ಇನ್ನೂ ಮಡಿಲಲ್ಲಿರುವಾಗಲೇ ಮತ್ತೆ ಬಸಿರಾದರೆ ತಾಯಿಯ ದುಡಿಮೆ ನಿಲ್ಲುತ್ತದೆ, ದಿನಗೂಲಿಯವಳಿಗೆ ಹೆರಿಗೆ ರಜೆಯ ಸಂಬಳ ಎಲ್ಲಿಂದ ಬರಬೇಕು? ಖರ್ಚಿಗೆ ಸಾಲ, ಸಾಲಕ್ಕೆ ಬಡ್ಡಿ, ಕೂಸು ನೋಡಿಕೊಳ್ಳಲು ಶಾಲೆ ತಪ್ಪಿಸುವ ದೊಡ್ಡ ಮಗಳು. ಒಂದು ಹೆರಿಗೆಯಾದ ಮೇಲೆ ಮುಂದಿನ ಗರ್ಭಕ್ಕೆ ಕನಿಷ್ಠ 24 ತಿಂಗಳು ಬಿಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ತಾಯಿ-ಮಗುವಿನ ಆರೋಗ್ಯಕ್ಕಾಗಿ, ಆದರೆ ಮನೆಯ ಜೇಬೂ ಅದೇ ಸಲಹೆ ಕೊಡುತ್ತದೆ.

ಬೇಡದ ಬಸಿರು ತಪ್ಪಿದರೆ ಮನೆಯ ಸ್ಥಿತಿ ಸುಧಾರಿಸುತ್ತದೆ ಎಂಬುದಕ್ಕೆ ಪುರಾವೆ ಬಾಂಗ್ಲಾದೇಶದ ಮತ್ಲಬ್‌ನಲ್ಲಿದೆ. 1977ರಿಂದ ಅಲ್ಲಿನ ಒಂದಷ್ಟು ಹಳ್ಳಿಗಳಲ್ಲಿ ಆರೋಗ್ಯ ಕಾರ್ಯಕರ್ತೆಯರು ಮನೆಬಾಗಿಲಿಗೇ ಗರ್ಭನಿರೋಧಕಗಳನ್ನು ಒಯ್ದರು. ಪಕ್ಕದ ಹಳ್ಳಿಗಳಿಗೆ ಮಾಮೂಲಿ ಸರ್ಕಾರಿ ಸೇವೆ ಮಾತ್ರ ಇತ್ತು. ಸುಮಾರು ಎರಡು ದಶಕ ಕಳೆದು ಹೋಲಿಸಿದಾಗ, ಮೊದಲ ಗುಂಪಿನ ಹಳ್ಳಿಗಳಲ್ಲಿ ಹೆರಿಗೆಗಳು ಕಡಿಮೆಯಾಗಿದ್ದವು, ಮಹಿಳೆಯರ ಆರೋಗ್ಯವೂ ಮನೆಯ ಆಸ್ತಿಯೂ ಉತ್ತಮವಾಗಿದ್ದವು. ಮುಂದೆ ಲಸಿಕೆ ಮುಂತಾದ ಸೇವೆಗಳೂ ಸೇರಿದ್ದರಿಂದ ಪೂರ್ತಿ ಶ್ರೇಯ ಗರ್ಭನಿರೋಧಕಕ್ಕೆ ಸಲ್ಲದು.

ಇನ್ನು "ಬಡವರಿಗೆ ಜವಾಬ್ದಾರಿ ಇಲ್ಲ" ಎನ್ನುವವರಿಗೆ ನಾನು ಈ ಅಂಕಿಗಳನ್ನು ತೋರಿಸುತ್ತೇನೆ. ಗರ್ಭನಿರೋಧಕ ಗುಳಿಗೆಯನ್ನು ಒಂದು ದಿನವೂ ತಪ್ಪದೆ ನುಂಗಿದರೆ ವರ್ಷಕ್ಕೆ ನೂರರಲ್ಲಿ ಒಬ್ಬರೂ ಬಸಿರಾಗುವುದಿಲ್ಲ. ನಿತ್ಯದ ಬದುಕಿನಲ್ಲಿ ಬಳಸಿದಾಗ ಸುಮಾರು 7 ಮಂದಿ ಆಗುತ್ತಾರೆ. ಕಾಂಡೋಮ್‌ನಲ್ಲಿ 2 ಇದ್ದದ್ದು 13 ಆಗುತ್ತದೆ. ಈ ವ್ಯತ್ಯಾಸವನ್ನು ಬರೀ ಮರೆವು ಎಂದು ತಳ್ಳಿಹಾಕಬೇಡಿ. ರಾತ್ರಿ ಪಾಳಿ, ಮುಗಿದುಹೋದ ಗುಳಿಗೆ ಪಟ್ಟಿ, ಆಸ್ಪತ್ರೆಗೆ ಹೋದರೆ ಕಳೆದುಹೋಗುವ ಒಂದು ದಿನದ ಕೂಲಿ, ಕಾಂಡೋಮ್ ಬೇಡವೆನ್ನುವ ಗಂಡ, ಎಲ್ಲ ಅದರಲ್ಲೇ ಇವೆ. ಅಂದರೆ ಬಡತನವೂ ಬಸಿರಿಗೆ ಕಾರಣವಾಗುತ್ತದೆ.

ಅದಕ್ಕೇ ನೆನಪಿಟ್ಟುಕೊಳ್ಳುವ ಕೆಲಸವಿಲ್ಲದ ವಿಧಾನಗಳ ಬಗ್ಗೆ ಮೊದಲು ಹೇಳುತ್ತೇನೆ. ಗರ್ಭಕೋಶದೊಳಗೆ ಇಡುವ ಕಾಪರ್-ಟಿ ಅಥವಾ ತೋಳಿನ ಚರ್ಮದಡಿ ಇಡುವ ಇಂಪ್ಲಾಂಟ್ ಇದ್ದರೆ ವರ್ಷಕ್ಕೆ ನೂರರಲ್ಲಿ ಒಬ್ಬರಿಗಿಂತ ಕಡಿಮೆ ಬಸಿರಾಗುತ್ತಾರೆ. ಕೆಲವರಿಗೆ ಕಾಪರ್-ಟಿಯಿಂದ ಮುಟ್ಟಿನ ಸ್ರಾವ, ನೋವು ಹೆಚ್ಚಾಗುವುದುಂಟು. ಅಂಥವರು ತೆಗೆಯಿರಿ ಎಂದಾಗ "ಇನ್ನೂ ಸ್ವಲ್ಪ ದಿನ ಇರಲಿ" ಎಂದು ಸಾಗಹಾಕಿದರೆ ಅದು ಸೇವೆಯಲ್ಲ, ಬಲವಂತ. ಲೈಂಗಿಕ ಸೋಂಕಿನಿಂದ ಇವೆರಡೂ ಕಾಪಾಡುವುದಿಲ್ಲ, ಅದಕ್ಕೆ ಕಾಂಡೋಮ್ ಬೇಕೇ ಬೇಕು. ಮಕ್ಕಳು ಸಾಕೆಂದು ಇಬ್ಬರೂ ತೀರ್ಮಾನಿಸಿದ್ದರೆ ಗಂಡಸಿನ ಶಸ್ತ್ರಚಿಕಿತ್ಸೆ ಹೆಂಗಸಿನದಕ್ಕಿಂತ ಸರಳ. ಆದರೂ ಗಂಡಸರು ನನ್ನ ಕೋಣೆಯ ಹೊರಗಿನ ಬೆಂಚಿನಲ್ಲೇ ಕೂತಿರುತ್ತಾರೆ!

ಎದೆಹಾಲು ಕುಡಿಸುವಾಗ ಬಸಿರಾಗುವುದಿಲ್ಲ ಎಂದು ನಂಬಿ ಮೋಸಹೋದವರನ್ನು ಬಹಳ ನೋಡಿದ್ದೇನೆ. ಆ ಮಾತು ನಿಜವಾಗಬೇಕಾದರೆ ಮಗುವಿಗೆ ಆರು ತಿಂಗಳು ತುಂಬಿರಬಾರದು, ಮುಟ್ಟು ಮರಳಿರಬಾರದು, ಹಗಲೂ ರಾತ್ರಿಯೂ ಎದೆಹಾಲನ್ನಷ್ಟೇ ಕೊಡುತ್ತಿರಬೇಕು. ಮೂರರಲ್ಲಿ ಒಂದು ತಪ್ಪಿದರೂ ಭರವಸೆ ಇಲ್ಲ. ಮುಟ್ಟಿಗೆ ಮೊದಲೇ ಅಂಡ ಬಿಡುಗಡೆಯಾಗುವುದರಿಂದ, ಒಮ್ಮೆಯೂ ಮುಟ್ಟಾಗದೆಯೇ ಮತ್ತೆ ಗರ್ಭಿಣಿಯಾಗಬಹುದು.

ನಿಮ್ಮ ಮನೆಯಲ್ಲೋ ಪರಿಚಯದಲ್ಲೋ ಗರ್ಭಿಣಿಯಿದ್ದರೆ ಗರ್ಭನಿರೋಧಕದ ಮಾತನ್ನು ಹೆರಿಗೆಗೆ ಮೊದಲೇ, ತಪಾಸಣೆಗೆ ಹೋದಾಗಲೇ ಎತ್ತಲು ಹೇಳಿ. ಹೆರಿಗೆಯಾದ 48 ಗಂಟೆಯೊಳಗೆ, ಇನ್ನೂ ಆಸ್ಪತ್ರೆಯಲ್ಲಿರುವಾಗಲೇ ಕಾಪರ್-ಟಿ ಹಾಕಿಸಿಕೊಳ್ಳಬಹುದು. ಅದು ತಪ್ಪಿದರೆ ನಾಲ್ಕು ವಾರ ಕಾಯಬೇಕು, ಕೈಗೂಸಿನೊಂದಿಗೆ ಮತ್ತೆ ಬರುವುದು ಬಹಳ ಜನರಿಗೆ ಆಗುವುದೇ ಇಲ್ಲ.