ಪ್ರತಿಕ್ರಿಯೆ: ಬ್ಯಾರಲ್ ಖಾಲಿ ಮಾಡಿದರೂ ಸೊಳ್ಳೆ ಏಕೆ?

ವಿಜಯಪುರದ ನಿಮ್ಮ ಓಣಿಯಲ್ಲಿ ಎರಡು ಬಾರಿ ಹೊಗೆ ಹಾಕಿಸಿದರೂ, ವಾರಕ್ಕೊಮ್ಮೆ ಬ್ಯಾರಲ್ ಖಾಲಿ ಮಾಡಿದರೂ ಹಗಲು ಕಚ್ಚುವ ಸೊಳ್ಳೆ ಏಕೆ ಕಡಿಮೆಯಾಗುತ್ತಿಲ್ಲ, ಅದು ಹೊರಗಿನಿಂದ ಬಂದದ್ದೇ ಎಂದು ಕೇಳಿದ್ದೀರಿ. ಕಾಲಿನ ಮೇಲೆ ಬಿಳಿ ಪಟ್ಟಿಗಳಿವೆ ಎಂದಿರುವುದರಿಂದ ಅದು ಡೆಂಗಿ, ಚಿಕುನ್‌ಗುನ್ಯಾ ಹರಡುವ ಈಡಿಸ್ ಇರಬೇಕು.

ಖಾಲಿ ಮಾಡಿದರೆ ಸಾಲದು, ತಿಕ್ಕಬೇಕು. ಈ ಸೊಳ್ಳೆ ನೀರಿನ ಮಟ್ಟಕ್ಕಿಂತ ತುಸು ಮೇಲೆ, ತೇವವಿರುವ ಒಳಗೋಡೆಗೆ ಮೊಟ್ಟೆ ಅಂಟಿಸುತ್ತದೆ. ಮಸಿಯ ಚುಕ್ಕೆಯಂತಹ ಆ ಮೊಟ್ಟೆಗಳು ಒಣಗಿಯೂ ತಿಂಗಳುಗಟ್ಟಲೆ ಬದುಕಿದ್ದು, ನಳದ ನೀರು ಬಂದು ಬ್ಯಾರಲ್ ತುಂಬಿದೊಡನೆ ಒಡೆಯುತ್ತವೆ, ಬೇಸಿಗೆಯಲ್ಲಿ 7ರಿಂದ 10 ದಿನಗಳಲ್ಲಿ ಹೊಸ ಸೊಳ್ಳೆಗಳು ಹಾರುತ್ತವೆ. ಆದ್ದರಿಂದ ಪಾಚಿಯ ಗೆರೆ ಕಟ್ಟಿರುವಲ್ಲಿ ತೆಂಗಿನ ನಾರಿನಿಂದ ಚೆನ್ನಾಗಿ ತಿಕ್ಕಿ, ಆ ನೀರನ್ನು ಒಣ ಮಣ್ಣಿಗೆ ಚೆಲ್ಲಿ, ತುಂಬಿದ ಬ್ಯಾರಲ್ಲಿನ ಬಾಯಿಗೆ ಹಳೆಯ ಧೋತರವನ್ನು ಸಂದಿಲ್ಲದಂತೆ ಬಿಗಿಯಿರಿ. ಕೂಲರಿನ ತಳವನ್ನೂ ಮರೆಯಬೇಡಿ. ಹೊಗೆ ಹಾರುವ ಸೊಳ್ಳೆಯನ್ನಷ್ಟೇ ಕೊಲ್ಲುತ್ತದೆ; ನನ್ನ ದೃಷ್ಟಿಯಲ್ಲಿ ಅದು ಓಣಿಯವರಿಗೆ ಕೊಡುವ ಸಮಾಧಾನವೇ ಹೆಚ್ಚು.

ಹೊರಗಿನಿಂದ ಬಂದದ್ದೇ ಎಂಬ ಪ್ರಶ್ನೆಗೆ ಉತ್ತರ ಹೌದು: ಈ ಗುಂಪಿನ ಮುಖ್ಯ ಸೊಳ್ಳೆಯಾದ ಈಡಿಸ್ ಈಜಿಪ್ಟಿಯ ಮೂಲ ಆಫ್ರಿಕಾ. ವಿಚಿತ್ರವೆಂದರೆ, ನಮ್ಮ ನಗರಗಳ ಟಾಕಿಗಳಲ್ಲಿ ಬೆಳೆಯುವ ಮಲೇರಿಯಾ ಸೊಳ್ಳೆ ಅನಾಫಿಲಿಸ್ ಸ್ಟೆಫೆನ್ಸಿ 2012ರಲ್ಲಿ ಆಫ್ರಿಕಾದ ಜಿಬೂಟಿಯಲ್ಲಿ ಪತ್ತೆಯಾಗಿ, ಅಲ್ಲಿನವರಿಗೆ ಈಗ ಅದೇ ಪರಕೀಯ ಪೀಡೆಯಾಗಿದೆ.

ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಆಸ್ಪಿರಿನ್, ಐಬುಪ್ರೊಫೆನ್ ಕೊಡದೆ ಪ್ಯಾರಸಿಟಮಾಲ್ ಮಾತ್ರ ಕೊಟ್ಟು, ಮೊದಲ 5 ದಿನಗಳೊಳಗೆ ಡೆಂಗಿ ಪತ್ತೆಯ ಎನ್‌ಎಸ್‌1 ರಕ್ತಪರೀಕ್ಷೆ ಮಾಡಿಸಿ.