ಕಂಬ ಬಿರಿಯಲಿ, ಪೇಸ್ಟ್ ಬಿರಿಯದಿರಲಿ: ಪುರಾಣದ ವಸ್ತುವಿನ ಮಿಶ್ರಮಾಧ್ಯಮ ಚಿತ್ರಗಳ ಬಗ್ಗೆ ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: 3×4 ಅಡಿ ಕ್ಯಾನ್ವಾಸ್ ಮೇಲೆ ಕಂಬ ಒಡೆದು ಬರುವ ನರಸಿಂಹನನ್ನು ಮಾಡುತ್ತಿದ್ದೇನೆ. ಕಂಬ ಉಬ್ಬಿ ಕಾಣಲೆಂದು ಚಾಕ್‌ಪುಡಿಗೆ ಫೆವಿಕಾಲ್ ಕಲಸಿ ಸುಮಾರು ಒಂದು ಸೆಂಟಿಮೀಟರ್ ದಪ್ಪಕ್ಕೆ ಮೆತ್ತಿ, ಬಿಸಿಲಿನಲ್ಲಿಟ್ಟು ಒಣಗಿಸಿದೆ. ಒಂದೇ ವಾರಕ್ಕೆ ಬಿರುಕು ಬಿಟ್ಟಿತು, ಈಗ ಚಕ್ಕೆ ಏಳುತ್ತಿದೆ. ಉಳಿಸಿಕೊಳ್ಳಬಹುದೇ? (ಕುಂದಾಪುರದ ಓದುಗರು)

ಉಳಿಸಿಕೊಳ್ಳಬಹುದು. ಆದರೆ ಬಿರುಕಿಗೆ ಮೇಲಿಂದ ಪೇಸ್ಟ್ ತುಂಬಿದರೆ ಪಕ್ಕದಲ್ಲೇ ಇನ್ನೊಂದು ಬಿರುಕು ಏಳುತ್ತದೆ. ಮೊದಲು ಕಾರಣ ನೋಡೋಣ.

ಇಲ್ಲಿ ಮೂರು ತಪ್ಪು ಒಟ್ಟಿಗೆ ಸೇರಿವೆ. ಪೇಸ್ಟಿನೊಳಗಿನ ನೀರು ಆರಿದಷ್ಟೂ ಪೇಸ್ಟ್ ಕುಗ್ಗುತ್ತದೆ. ಒಂದು ಸೆಂಟಿಮೀಟರ್ ದಪ್ಪ ಒಮ್ಮೆಗೇ ಹಚ್ಚಿದರೆ ಮೇಲ್ಮೈ ಮೊದಲು ಗಟ್ಟಿಯಾಗಿ, ಒಳಭಾಗ ಹಸಿಯಾಗಿಯೇ ಉಳಿಯುತ್ತದೆ. ಆಮೇಲೆ ಒಳಗಿನದು ಕುಗ್ಗುವಾಗ ಮೇಲಿನ ಪದರ ಹರಿಯುತ್ತದೆ. ಬಿಸಿಲಿಗಿಟ್ಟಿದ್ದರಿಂದ ಈ ವ್ಯತ್ಯಾಸ ಇನ್ನೂ ಹೆಚ್ಚಾಯಿತು. ಮೂರನೆಯದು ಕ್ಯಾನ್ವಾಸ್. ಬಟ್ಟೆ ತೇವಕ್ಕೆ ಸಡಿಲವಾಗುತ್ತದೆ, ಒಣಹವೆಗೆ ಬಿಗಿಯುತ್ತದೆ, ಕೈ ತಾಗಿದರೂ ಅದುರುತ್ತದೆ. ಅದರ ಮೇಲಿನ ಗಟ್ಟಿ ಪೇಸ್ಟಿಗೆ ಆ ಬಳುಕು ತಡೆಯುವ ಶಕ್ತಿಯಿಲ್ಲ.

ಈಗ ಹೀಗೆ ಮಾಡಿ. ಚಿತ್ರವನ್ನು ಮಗುಚಿ, ಹಿಂದಿನ ಚೌಕಟ್ಟಿನ ಒಳ ಅಳತೆಗೆ ಸರಿಯಾಗಿ 6 ಮಿ.ಮೀ. ಪ್ಲೈವುಡ್ ಕತ್ತರಿಸಿ, ಅದು ಬಟ್ಟೆಗೆ ಮೆಲ್ಲಗೆ ತಾಗುವಂತೆ ಕೂರಿಸಿ, ಪಟ್ಟಿಗಳಿಗೆ ಸಣ್ಣ ಸ್ಕ್ರೂ ಹಾಕಿ. ಬಟ್ಟೆಯನ್ನು ಮುಂದಕ್ಕೆ ದಬ್ಬಬಾರದು. ಮಗುಚುವ ಮೊದಲು ಕೆಳಗೆ ದಪ್ಪ ಫೋಮ್ ಹಾಸಿ, ಉಬ್ಬಿನ ಜಾಗಕ್ಕೆ ಫೋಮಿನಲ್ಲಿ ಹಳ್ಳ ಕೊರೆದಿರಬೇಕು. ಇದಾದ ಮೇಲೆ ಎದ್ದ ಚಕ್ಕೆಗಳ ಅಡಿಗೆ, ಒಂದು ಪಾಲು ಬಿಳಿ ಅಂಟಿಗೆ (ಫೆವಿಕಾಲ್) ಮೂರು ಪಾಲು ನೀರು ಬೆರೆಸಿ ಸಿರಿಂಜಿನಿಂದ ಬಿಡಿ. ಮೇಲೆ ಬೆಣ್ಣೆಕಾಗದ ಇಟ್ಟು, ಮರಳು ತುಂಬಿದ ಚಿಕ್ಕ ಚೀಲವನ್ನು ಒಂದು ರಾತ್ರಿ ಭಾರವಾಗಿ ಇಡಿ. ಬಿರುಕುಗಳ ಬಾಯಿಯನ್ನು ಕಟ್ಟರ್‌ನಿಂದ ಸ್ವಲ್ಪ ಅಗಲಿಸಿ, ಅದೇ ತೆಳು ಅಂಟು ಸವರಿ, ಒಣಗಿದ ಮೇಲೆ ಪೇಸ್ಟ್ ತುಂಬಿ.

ಮುಂದಿನ ಸಲ ಉಬ್ಬು ಬೇಕಾದ ಚಿತ್ರಕ್ಕೆ ಕ್ಯಾನ್ವಾಸ್ ಬಿಟ್ಟು ಹಲಗೆ ತೆಗೆದುಕೊಳ್ಳಿ. ಕರಾವಳಿಯವರಾದ್ದರಿಂದ ಐಎಸ್ 710 ಗುರುತಿನ ಮರೈನ್ ಪ್ಲೈ ಒಳ್ಳೆಯದು. ಈ ಅಳತೆಯಲ್ಲಿ 12 ಮಿ.ಮೀ. ಪ್ಲೈ ಒಂದೇ ಸುಮಾರು 9 ಕೆ.ಜಿ. ತೂಗುತ್ತದೆ. ಹಾಗಾಗಿ 6 ಮಿ.ಮೀ. ಪ್ಲೈಗೆ ಹಿಂದೆ ಒಂದೂವರೆ ಇಂಚಿನ ಮರದ ಪಟ್ಟಿಯ ಚೌಕಟ್ಟು, ನಡುವೆ ಒಂದು ಅಡ್ಡಪಟ್ಟಿ ಕೊಟ್ಟರೆ ಸಾಕು. ಮುಂದೆ, ಹಿಂದೆ, ನಾಲ್ಕೂ ಅಂಚಿಗೆ ಸೀಲರ್ ಎರಡು ಕೋಟ್ ಬೀಳಬೇಕು. ಮುಂದಕ್ಕೆ ಮಾತ್ರ ಹಚ್ಚಿದರೆ ಹಲಗೆ ಬಾಗುತ್ತದೆ. ಅಂಚು ಬಿಟ್ಟರೆ ಮಳೆಗಾಲದ ತೇವ ಅಲ್ಲಿಂದಲೇ ನುಗ್ಗುತ್ತದೆ.

ಕಂಬದ ಗಾತ್ರವನ್ನು ಪೇಸ್ಟಿನಿಂದ ಕಟ್ಟಬೇಡಿ. 3 ಮತ್ತು 6 ಮಿ.ಮೀ. ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ತುಂಡುಗಳನ್ನು ಕಂಬದ ಆಕಾರಕ್ಕೆ ಕತ್ತರಿಸಿ ಒಂದರ ಮೇಲೊಂದು ಅಂಟಿಸಿ, ಹಿಂದಿನಿಂದ ಸ್ಕ್ರೂ ಹಾಕಿ. ಅದರ ಮೇಲೆ ಬ್ಯಾಂಡೇಜ್ ಬಟ್ಟೆಯನ್ನು ಅಂಟಿನಲ್ಲಿ ಅದ್ದಿ ಹೊದಿಸಿ. ಪೇಸ್ಟ್ ಬರಬೇಕಾದ್ದು ಇದರ ಮೇಲೆ. ಪ್ರಮಾಣ ಮೂರು ಪಾಲು ಜರಡಿ ಹಿಡಿದ ಚಾಕ್‌ಪುಡಿಗೆ ಒಂದು ಪಾಲು ಬಿಳಿ ಅಂಟು. ನೀರನ್ನು ಚಮಚ ಚಮಚವಾಗಿ ಸೇರಿಸುತ್ತ ದೋಸೆಹಿಟ್ಟಿನ ಹದಕ್ಕೆ ತನ್ನಿ. ಒಂದು ಪದರ 2 ಮಿ.ಮೀ. ಮೀರಬಾರದು. ನೆರಳಿನಲ್ಲಿ 24 ಗಂಟೆ, ಮಳೆಗಾಲದಲ್ಲಿ ಎರಡು ದಿನ ಆರಿದ ಮೇಲೆ ಮುಂದಿನ ಪದರ. ಬೆರಳಿನ ಹಿಂಬದಿಗೆ ತಣ್ಣಗೆ ತಾಗಿದರೆ ಒಳಗೆ ಇನ್ನೂ ನೀರಿದೆ ಎಂದರ್ಥ.

ಕಂಬ ಒಡೆದ ಜಾಗದಲ್ಲಿ ಬಿರುಕೇ ಬೇಕಲ್ಲವೇ? ಅಲ್ಲಿ ಮಾತ್ರ ಅಂಟು ಕಡಿಮೆ ಮಾಡಿ, ಐದು ಪಾಲು ಪುಡಿಗೆ ಒಂದು ಪಾಲು ಅಂಟಿನ ಪೇಸ್ಟನ್ನು 4 ಮಿ.ಮೀ. ದಪ್ಪ ಹಚ್ಚಿ ಫ್ಯಾನ್ ಗಾಳಿಗೆ ಬಿಡಿ. ತಾನಾಗಿ ಬಿರಿಯುತ್ತದೆ. ಆಮೇಲೆ ತೆಳು ಅಂಟನ್ನು ಎರಡು ಸಲ ಕುಡಿಸಿದರೆ ಬಿರುಕು ಬಿರುಕಾಗಿಯೇ ಇರುತ್ತದೆ, ಉದುರುವುದಿಲ್ಲ. ಬರೆದ ಬಿರುಕಿಗಿಂತ ಹೀಗೆ ಎದ್ದ ಬಿರುಕು ಎಷ್ಟೋ ಪಾಲು ಮೇಲು.

ಪ್ರಶ್ನೆ: ಲಂಕಾದಹನದ ಚಿತ್ರಕ್ಕೆ ಅಂಗಡಿಯಲ್ಲಿ ಸಿಗುವ ಗೋಲ್ಡ್ ಲೀಫ್ ಹಚ್ಚಿ, ಮೇಲೆ ಆಕ್ರಿಲಿಕ್ ಮೀಡಿಯಂ ಬಳಿದಿದ್ದೆ. ನಾಲ್ಕು ತಿಂಗಳಲ್ಲಿ ಅಲ್ಲಲ್ಲಿ ಹಸಿರು, ಕಂದು ಕಲೆ. ಮೈಸೂರು ಶೈಲಿಯ ಹಳೆಯ ಚಿತ್ರಗಳಲ್ಲಿ ಹೀಗಾಗುವುದಿಲ್ಲವಲ್ಲ? (ಮೈಸೂರಿನ ಓದುಗರು)

ಹಳೆಯ ಮೈಸೂರು ಚಿತ್ರಗಳಲ್ಲಿ ಇರುವುದು ನಿಜವಾದ ಚಿನ್ನದ ರೇಕು. ಕಡಿಮೆ ಬೆಲೆಗೆ ದೊಡ್ಡ ಹಾಳೆಗಳಲ್ಲಿ ಸಿಗುವುದು ತಾಮ್ರ ಮತ್ತು ಸತುವಿನ ಮಿಶ್ರಲೋಹ. ತಾಮ್ರ ಇದ್ದಲ್ಲಿ ಕಿಲುಬು ಖಂಡಿತ. ಅದರ ಮೇಲೆ ಆಕ್ರಿಲಿಕ್ ಮೀಡಿಯಂ ಬಳಿದದ್ದು ಕಿಲುಬನ್ನು ಇನ್ನೂ ಬೇಗ ಕರೆಯಿತು. ಇಂಥ ಮೀಡಿಯಂಗಳಲ್ಲಿ ನೀರಿನ ಜೊತೆಗೆ ಅಮೋನಿಯಾ ಇರುವುದುಂಟು, ಅದು ತಾಮ್ರವನ್ನು ತಿನ್ನುತ್ತದೆ. ಬರಿಗೈಯಲ್ಲಿ ರೇಕು ಹಿಡಿದಿದ್ದರೆ ಬೆವರಿನ ಉಪ್ಪಿನಿಂದ ಬೆರಳಚ್ಚೂ ಕಪ್ಪಾಗಿ ಮೂಡಿರುತ್ತದೆ.

ಕ್ರಮ ಹೀಗಿರಲಿ: ರೇಕಿನ ಅಡಿಗೆ ಕೆಮ್ಮಣ್ಣಿನ ಬಣ್ಣ, ಅದರ ಮೇಲೆ ಗೋಲ್ಡ್ ಸೈಜ್ (ರೇಕು ಹಿಡಿಸುವ ಅಂಟು) ತೆಳುವಾಗಿ. ನೀರಿನ ಸೈಜ್ ಬಿಳಿಯಿಂದ ಪಾರದರ್ಶಕವಾಗುವವರೆಗೆ, ಸಾಮಾನ್ಯವಾಗಿ 15ರಿಂದ 20 ನಿಮಿಷ ಕಾಯಿರಿ. ಬೆರಳ ಗೆಣ್ಣು ತಾಗಿಸಿದರೆ ಅಂಟಿದ ಸದ್ದು ಬರಬೇಕು, ಸೈಜ್ ಗೆಣ್ಣಿಗೆ ಬರಬಾರದು. ಹತ್ತಿ ಕೈಗವಸು ಹಾಕಿಕೊಂಡು ರೇಕು ಕೂರಿಸಿ ಮೃದು ಬ್ರಷ್‌ನಿಂದ ಒತ್ತಿ. ಎರಡು ದಿನ ಬಿಟ್ಟು, ಮರದ ಪಾಲಿಶ್‌ಗೆ ಬಳಸುವ ಶೆಲ್ಲಾಕನ್ನು ಸ್ಪಿರಿಟ್‌ನಲ್ಲಿ ತೆಳುವಾಗಿಸಿ ಎರಡು ಕೋಟ್ ಕೊಡಿ. ಆಕ್ರಿಲಿಕ್ ಏನಿದ್ದರೂ ಇದಾದ ಮೇಲೆ. ಅಸಲಿ 24 ಕ್ಯಾರೆಟ್ ರೇಕಿಗೆ ಈ ಶೆಲ್ಲಾಕ್ ಕೋಟ್ ಬೇಡ; ವಾರ್ನಿಶ್ ಹಾಕಿದರೆ ಹೊಳಪೇ ಕುಗ್ಗುತ್ತದೆ.

ಇನ್ನೊಂದು ಮಾತು. ಮೈಸೂರು ಶೈಲಿಯ ಗೆಸ್ಸೊ, ಅಂದರೆ ಚಿನ್ನದ ಅಡಿಗೆ ಉಬ್ಬು ಎತ್ತುವ ಪೇಸ್ಟ್, ಬಹಳ ತೆಳು. ಸಫೇದ ಎಂಬ ಬಿಳಿ ಪುಡಿ, ಗ್ಯಾಂಬೋಜ್ ಎಂಬ ಹಳದಿ ಮರದಂಟು, ಗೋಂದು ಸೇರಿಸಿದ ಪೇಸ್ಟಿನಿಂದ ಎಳೆಯೆಳೆಯಾಗಿ ಆಭರಣ, ಸೆರಗಿನ ಅಂಚು, ಮಂಟಪದ ಕಮಾನು ಎತ್ತಿ, ಅಷ್ಟಕ್ಕೇ ಚಿನ್ನ ಕೂರಿಸುತ್ತಾರೆ. ತಂಜಾವೂರಿನ ಹಾಗೆ ದಪ್ಪ ಉಬ್ಬು ಇಲ್ಲಿಲ್ಲ. ಇಡೀ ಹಿನ್ನೆಲೆಗೆ ಚಿನ್ನ ಬಳಿದ ಇಂದಿನ ಎಷ್ಟೋ ಚಿತ್ರಗಳು ಸಪ್ಪಗೆ ಕಾಣಲು ಈ ಸಂಯಮ ಇಲ್ಲದಿರುವುದೇ ಕಾರಣ. ಹಳೆಯ ಪಾಕದಂತೆ ಮಾಡಲು ಹೊರಟವರು ಸೀಸದ ಸಫೇದ ಬಿಟ್ಟು ಜಿಂಕ್ ಆಕ್ಸೈಡ್ ಬಳಸಿ. ಸೀಸದ ಪುಡಿ ಉಸಿರಿನಲ್ಲಿ ಹೋದರೆ ವಿಷ.

ನಿಮ್ಮ ವಸ್ತು ಲಂಕಾದಹನವಾದ್ದರಿಂದ ಹಾಳಾದ ರೇಕು ಪೂರ್ತಿ ನಷ್ಟವಲ್ಲ. ಚಿನ್ನದ ನಗರ ಕರಕಲಾಗುವ ಕಥೆಗೆ ಕಿಲುಬು ಹಿಡಿದ ರೇಕು ಒಪ್ಪುತ್ತದೆ. ಬೇಕೆಂದೇ ಮಾಡುವುದಾದರೆ ಒಂದು ಲೋಟ ವಿನೆಗರ್‌ಗೆ ಒಂದು ಚಮಚ ಉಪ್ಪು ಕರಗಿಸಿ ಸಿಂಪಡಿಸಿ, ಒದ್ದೆಬಟ್ಟೆ ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ನೀರಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಒಣಗಿಸಿ, ಶೆಲ್ಲಾಕ್ ಹಾಕಿ. ಚಾಕ್‌ಪುಡಿಯ ಉಬ್ಬಿನ ಮೇಲೆ ಮಾತ್ರ ಇದನ್ನು ಮಾಡಲೇಬೇಡಿ. ವಿನೆಗರ್ ತಾಗಿದೊಡನೆ ಚಾಕ್ ನೊರೆಯೆದ್ದು ಕರಗುತ್ತದೆ. ದಪ್ಪ ಕಾಗದಕ್ಕೆ ರೇಕು ಅಂಟಿಸಿ, ಬೇರೆಯಾಗಿ ಕಿಲುಬು ಹಿಡಿಸಿ, ಕತ್ತರಿಸಿ ಕೂರಿಸಿ.

ಪ್ರಶ್ನೆ: ಮಹಿಷಮರ್ದಿನಿಯನ್ನು ತುಂಡು ತುಂಡು ಲೋಹದ ತಗಡು, ಸೆಣಬು, ಬಣ್ಣಗಳಲ್ಲಿ ಮಾಡಿದ್ದೇನೆ. ನೋಡಿದ ಹಿರಿಯರು "ಇದು ಶಾಸ್ತ್ರಕ್ಕೆ ಹೊರತು" ಎಂದರು. ಎಲ್ಲಿಯವರೆಗೆ ಬದಲಿಸಬಹುದು? (ಧಾರವಾಡದ ಓದುಗರು)

ಶಿಲ್ಪಿಗಳೇ ಎಷ್ಟು ಬದಲಿಸಿದ್ದಾರೆ ನೋಡಿ. ಐಹೊಳೆಯ ದುರ್ಗಾ ದೇವಾಲಯದಲ್ಲಿ ಮಹಿಷ ಪೂರ್ತಿ ಕೋಣನೇ. ಮಹಾಬಲಿಪುರದ ಗುಹೆಯಲ್ಲಿ ಮನುಷ್ಯದೇಹಕ್ಕೆ ಕೋಣದ ತಲೆ, ಕೈಯಲ್ಲಿ ಗದೆ, ಹಿಂದೆ ಸರಿಯುವ ನಿಲುವು. ದೇವಿ ಸಿಂಹವೇರಿ ಬಿಲ್ಲು ಹಿಡಿದಿದ್ದಾಳೆ. ಕೋಣನ ಕಡಿದ ಕತ್ತಿನಿಂದ ಅಸುರ ಮನುಷ್ಯರೂಪದಲ್ಲಿ ಹೊರಬರುವ ಶಿಲ್ಪಗಳೂ ಬೇಕಾದಷ್ಟಿವೆ. ಇವು ಒಂದೇ ಕಥೆಯ ಬೇರೆಬೇರೆ ಗಳಿಗೆಗಳು. ಬಾದಾಮಿಯ ಮೂರನೆಯ ಗುಹೆಯನ್ನು ಮಂಗಳೇಶ 578ರಲ್ಲಿ ಕೊರೆಸಿದ. ಅಲ್ಲಿನ ನರಸಿಂಹ ಶಾಂತವಾಗಿ ನಿಂತಿದ್ದಾನೆ. ಹಂಪಿಯಲ್ಲಿ 1528ರಲ್ಲಿ ಕಡೆದ ನರಸಿಂಹ 6.7 ಮೀಟರ್ ಎತ್ತರಕ್ಕೆ, ಉಬ್ಬಿದ ಕಣ್ಣುಗಳಿಂದ ನೋಡುತ್ತ ಕುಳಿತಿದ್ದಾನೆ. ಎರಡೂ ಶಾಸ್ತ್ರ ಬಲ್ಲವರ ಕೆಲಸವೇ.

ಹಾಗೆಂದು ಏನು ಮಾಡಿದರೂ ನಡೆಯುತ್ತದೆ ಎನ್ನಲಾರೆವು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಶ್ರೀತತ್ತ್ವನಿಧಿ ಗ್ರಂಥದಲ್ಲಿ ದೇವತೆಗಳ ಧ್ಯಾನಶ್ಲೋಕಗಳಿವೆ. ನೀವು ಮಾಡುವ ರೂಪದ ಶ್ಲೋಕ ಓದಿ, ಕೈಗಳ ಸಂಖ್ಯೆ, ಆಯುಧ, ವಾಹನ, ಬಣ್ಣ ಒಂದೊಂದಾಗಿ ಬರೆದುಕೊಳ್ಳಿ. ಆಮೇಲೆ ಒಂದೊಂದನ್ನೇ ಹೊಡೆದುಹಾಕುತ್ತ ಬನ್ನಿ. ಯಾವುದನ್ನು ತೆಗೆದರೆ ಆಕೆ ಬೇರೊಬ್ಬ ದೇವಿಯಾಗುತ್ತಾಳೋ, ಅದು ಉಳಿಯಲೇಬೇಕು. ನಿಮ್ಮ ಚಿತ್ರದಲ್ಲಿ ಅವು ತ್ರಿಶೂಲ, ಸಿಂಹ, ಕೋಣ. ಉಳಿದುದರಲ್ಲಿ ನಿಮಗೆ ಬಿಡುವಿದೆ. ಪ್ರಮಾಣಕ್ಕೂ ಇದೇ ಮಾತು: ಮುಖದ ಉದ್ದದ ಒಂಬತ್ತರಷ್ಟು ಎತ್ತರದ ನವತಾಲವನ್ನು ಮೊದಲು ಪೆನ್ಸಿಲಿನಲ್ಲಿ ಹಾಕಿಕೊಂಡು, ಆಮೇಲೆ ಎಲ್ಲಿ ಹಿಗ್ಗಿಸಬೇಕೋ ಹಿಗ್ಗಿಸಿ. ಗೊತ್ತಿದ್ದು ಮುರಿದದ್ದಕ್ಕೂ ಗೊತ್ತಿಲ್ಲದೆ ತಪ್ಪಿದ್ದಕ್ಕೂ ವ್ಯತ್ಯಾಸ ಗೋಡೆಯ ಮೇಲೆ ಎದ್ದು ಕಾಣುತ್ತದೆ.

ನಮಗೆ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ ಇದೆ. ತಗಡು ಏಕೆ, ಸೆಣಬು ಏಕೆ? ತಗಡು ಆಯುಧಗಳಿಗೆ, ಒರಟು ಸೆಣಬು ಕೋಣದ ಮೈಗೆ ಬಂದಿದ್ದರೆ ವಸ್ತುವಿಗೆ ಕಥೆಯಲ್ಲಿ ಕೆಲಸವಿದೆ. ಎರಡೂ ಹಿನ್ನೆಲೆಯಲ್ಲಿ ಸುಮ್ಮನೆ ಅಂಟಿಕೊಂಡಿದ್ದರೆ ತೆಗೆದುಬಿಡಿ. ಪರೀಕ್ಷೆಗೆ ಚಿತ್ರದ ಫೋಟೊವನ್ನು ಫೋನಿನಲ್ಲಿ ಕಪ್ಪುಬಿಳುಪು ಮಾಡಿ, 5 ಸೆಂ.ಮೀ. ಅಗಲಕ್ಕೆ ಕುಗ್ಗಿಸಿ, ಕಥೆ ಬಲ್ಲ ಯಾರಿಗಾದರೂ ತೋರಿಸಿ. ದೇವಿ ಯಾರೆಂದು ಹೇಳಿದರೆ ಚಿತ್ರ ನಿಂತಿದೆ. ತಗಡಿನ ಅಂಚನ್ನು ಉಜ್ಜಿ ಮೊಂಡು ಮಾಡಿ, ಎಪಾಕ್ಸಿ ಅಂಟಿನ ಜೊತೆಗೆ ಎರಡು ಕಡೆ ತೂತಿಟ್ಟು ತಂತಿಯಿಂದ ಕಟ್ಟಿ. ಅಂಟೊಂದನ್ನೇ ನಂಬಿದ ಭಾರದ ತುಂಡುಗಳು ಬೇಸಿಗೆಯಲ್ಲಿ ಜಾರುತ್ತವೆ.

ಪ್ರಶ್ನೆ: ಹಳೆಯ ಪಂಚಾಂಗ, ದಿನಪತ್ರಿಕೆ, ಇಂಕ್‌ಜೆಟ್ ಪ್ರಿಂಟ್ ಅಂಟಿಸಿ ಅದರ ಮೇಲೆ ಭೀಷ್ಮನ ಶರಶಯ್ಯೆ ಬರೆದಿದ್ದೇನೆ. ಕಾಗದ ಹಳದಿಯಾಗುತ್ತಿದೆ, ಪ್ರಿಂಟಿನ ಶಾಯಿ ಹರಡಿದೆ. ಮನೆಯಲ್ಲಿರುವ ತಾಳೆಗರಿಯನ್ನೂ ಸೇರಿಸಬೇಕೆಂದಿದ್ದೇನೆ. (ಬೆಂಗಳೂರಿನ ಓದುಗರು)

ತಾಳೆಗರಿಯನ್ನು ದಯವಿಟ್ಟು ಅಂಟಿಸಬೇಡಿ. ಅದರಲ್ಲಿ ಬರೆದಿರುವುದು ಏನೆಂದು ಓದಬಲ್ಲವರಿಗೆ ತೋರಿಸಿ. ಚಿತ್ರಕ್ಕೆ ಅದರ ಪ್ರತಿ ಸಾಕು.

ದಿನಪತ್ರಿಕೆಯ ಕಾಗದದಲ್ಲಿ ಲಿಗ್ನಿನ್ ಎಂಬ ಮರದ ಅಂಶ ಇರುವುದರಿಂದ ಬೆಳಕಿಗೆ ಹಳದಿಯಾಗಿ ಪುಡಿಯಾಗುತ್ತದೆ. ಮೇಲೆ ಏನು ಬಳಿದರೂ ಅದು ನಿಲ್ಲದು. ಮೂಲವನ್ನು ಎತ್ತಿಟ್ಟು, ಆಮ್ಲರಹಿತ ಕಾಗದದ ಮೇಲೆ ಟೋನರ್ ಪುಡಿಯ ಜೆರಾಕ್ಸ್ ತೆಗೆಸಿ. ಟೋನರ್ ನೀರಿಗೆ ಹರಡುವುದಿಲ್ಲ, ಸಾಮಾನ್ಯ ಇಂಕ್‌ಜೆಟ್ ಶಾಯಿ ಹರಡುತ್ತದೆ. ಅಂಟಿಸಲು ಆಕ್ರಿಲಿಕ್ ಜೆಲ್ ಮೀಡಿಯಂ ಇರಲಿ. ಹಲಗೆಗೂ ಕಾಗದದ ಹಿಂಬದಿಗೂ ಹಚ್ಚಿ, ನಡುವಿನಿಂದ ಅಂಚಿನ ಕಡೆಗೆ ಹಳೆಯ ಎಟಿಎಂ ಕಾರ್ಡಿನಿಂದ ಒತ್ತಿ ಗಾಳಿ ಹೊರಡಿಸಿ. ಗುಳ್ಳೆ ಉಳಿದಿದ್ದರೆ ಒಣಗಿದ ಮೇಲೆ ಸೂಜಿಯಿಂದ ಚುಚ್ಚಿ, ತೆಳು ಮೀಡಿಯಂ ಬಿಟ್ಟು ಒತ್ತಬಹುದು.

ಪ್ರಶ್ನೆ: ಆಕ್ರಿಲಿಕ್ ಮೇಲೆ ಎಣ್ಣೆಬಣ್ಣ ಸರಿಯೇ? ವಾರ್ನಿಶ್ ಯಾವಾಗ? (ಕಲಬುರಗಿಯ ಓದುಗರು)

ಆಕ್ರಿಲಿಕ್ ಮೇಲೆ ಎಣ್ಣೆಬಣ್ಣ ಸರಿ, ಎಣ್ಣೆಯ ಮೇಲೆ ಆಕ್ರಿಲಿಕ್ ಎಂದಿಗೂ ಬೇಡ, ಸುಲಿಯುತ್ತದೆ. ಬರಿ ಆಕ್ರಿಲಿಕ್ ಆದರೆ ಎರಡು ವಾರ ಬಿಟ್ಟು ವಾರ್ನಿಶ್ ಹಾಕಬಹುದು. ಎಣ್ಣೆಬಣ್ಣ ಇದ್ದರೆ ಕನಿಷ್ಠ ಆರು ತಿಂಗಳು, ದಪ್ಪವಾಗಿದ್ದರೆ ಒಂದು ವರ್ಷ. ಮ್ಯಾಟ್ ವಾರ್ನಿಶ್ ರೇಕಿನ ಮೇಲೆ ಬೀಳದಂತೆ ಆ ಜಾಗ ಮುಚ್ಚಿಕೊಳ್ಳಿ.

ಪ್ರಶ್ನೆ: ಮಳೆಗಾಲದಲ್ಲಿ ಚಿತ್ರದ ಹಿಂದೆ ಬೂಷ್ಟು ಬರುತ್ತದೆ. (ಮಡಿಕೇರಿಯ ಓದುಗರು)

ಗೋಂದು, ಹುಣಸೆಬೀಜದ ಅಂಟು, ಮೈದಾ ಸರಿ, ಸೆಣಬು ಇವೆಲ್ಲ ಬೂಷ್ಟಿಗೆ ಆಹಾರ. ಮಲೆನಾಡಿನಲ್ಲಿ ಇವುಗಳ ಬದಲು ಆಕ್ರಿಲಿಕ್ ಮೀಡಿಯಂ ಬಳಸಿ. ಚೌಕಟ್ಟಿನ ನಾಲ್ಕು ಮೂಲೆಗೆ ಅರ್ಧ ಇಂಚಿನ ಬೆಂಡಿನ ತುಂಡು ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿಯಾಡುತ್ತದೆ. ಪ್ಲಾಸ್ಟಿಕ್ ಸುತ್ತಿಡುವುದೇ ಎಲ್ಲಕ್ಕಿಂತ ಕೆಟ್ಟದ್ದು. ಬಂದ ಬೂಷ್ಟನ್ನು ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ, ಒಣ ಬ್ರಷ್‌ನಿಂದ ತೆಗೆದು, ಹಲಗೆಯ ಹಿಂಬದಿಯನ್ನು ಮಾತ್ರ ಸ್ಪಿರಿಟ್ ಬಟ್ಟೆಯಿಂದ ಒರೆಸಿ. ಮುಂಭಾಗಕ್ಕೆ ಸ್ಪಿರಿಟ್ ತಾಗಿದರೆ ಆಕ್ರಿಲಿಕ್, ಶೆಲ್ಲಾಕ್ ಎರಡೂ ಕರಗುತ್ತವೆ.

ಪ್ರಶ್ನೆ: ನವಿಲುಗರಿ ಅಂಟಿಸಿದ ಕೃಷ್ಣನ ಚಿತ್ರವೊಂದನ್ನು ಊರಿನಿಂದ ಇಲ್ಲಿಗೆ ತರಬೇಕು. ಏನು ಜಾಗ್ರತೆ ಬೇಕು? (ನ್ಯೂಜೆರ್ಸಿಯ ಓದುಗರು)

ಗರಿ ಸಹಿತ ತರಲಾಗದು. ಉದುರಿದ ಗರಿಯಾದರೂ ಭಾರತದಿಂದ ನವಿಲುಗರಿ ರಫ್ತು ಮಾಡುವುದಕ್ಕೆ ನಿಷೇಧವಿದೆ. ಕಲಾವಿದರಿಂದಲೇ ಗರಿ ತೆಗೆಸಿ, ಆ ಜಾಗದಲ್ಲಿ ರೇಷ್ಮೆದಾರ ಮತ್ತು ಬಣ್ಣದಲ್ಲಿ ಮಾಡಿಸಿ. ಗರಿಗೆ ಹುಳ ಬೀಳುವ ಕಾಟವೂ ಇದರಿಂದ ತಪ್ಪುತ್ತದೆ. ಹೊಸ ಚಿತ್ರವೆಂದು ತೋರಿಸಲು ರಚಿಸಿದ ವರ್ಷ ಬರೆದ ರಸೀದಿ ಜೊತೆಗಿರಲಿ. ಹಳೆಯ ಶೈಲಿಯ ಚಿತ್ರ ನೋಡಿದರೆ ಪ್ರಾಚೀನ ವಸ್ತುವೇ ಎಂಬ ಅನುಮಾನ ಅಧಿಕಾರಿಗಳಿಗೆ ಬರುವುದು ಸಹಜ. ನಿಮ್ಮಲ್ಲಿ ಚಳಿಗಾಲದ ಹೀಟರ್ ಹವೆಯನ್ನು ಬಹಳ ಒಣಗಿಸುತ್ತದೆ. ಊರಿನ ಹವೆಗೆ ಹೊಂದಿಕೊಂಡ ಹಲಗೆ ಅಲ್ಲಿ ಕುಗ್ಗಿ, ಗೆಸ್ಸೊ ಬಿರಿಯಬಹುದು. ಹೀಟರ್ ಗಾಳಿ ಬಡಿಯುವ ಗೋಡೆ ಬಿಟ್ಟು ಒಳಗೋಡೆಗೆ ತೂಗುಹಾಕಿ, ಆ ಕೋಣೆಯಲ್ಲಿ ಹ್ಯೂಮಿಡಿಫೈಯರ್ ಇಟ್ಟು ತೇವಾಂಶ ಶೇ 40ಕ್ಕಿಂತ ಇಳಿಯದಂತೆ ನೋಡಿಕೊಳ್ಳಿ.