ಮೊದಲು ತಾಯಿ ಬೆಕ್ಕನ್ನು ನೋಡಿ

ಪ್ರಶ್ನೆ: ಡಾಕ್ಟ್ರೇ, ಎಂಟನೇ ಕ್ಲಾಸಿನ ನನ್ನ ಮಗಳು ಪರ್ಷಿಯನ್ ಬೆಕ್ಕು ಬೇಕೆಂದು ವರ್ಷದಿಂದ ಹಟ ಹಿಡಿದಿದ್ದಾಳೆ. ಮೊಬೈಲಿನಲ್ಲಿ ನೀಲಿ ಕಣ್ಣಿನ ಬಿಳಿ ಮರಿಯ ಫೋಟೊ ನೋಡಿ ಫೋನ್ ಮಾಡಿದೆವು. ‘ಪ್ಯೂರ್ ಬ್ರೀಡ್, ಎರಡು ತಿಂಗಳ ಮರಿ, ದತ್ತು ಕೊಡುತ್ತೇವೆ. ಮೂರು ಸಾವಿರ ಮುಂಗಡ ಹಾಕಿದರೆ ಬಸ್ಸಿನಲ್ಲಿ ಕಳಿಸುತ್ತೇವೆ’ ಅಂದರು. ನಂಬಬಹುದೇ? ಅಸಲಿ ತಳಿಯ ಬೆಕ್ಕು ಎಲ್ಲಿ ಸಿಗುತ್ತದೆ?
– ಗೃಹಿಣಿ, ದಾವಣಗೆರೆ

ಉತ್ತರ: ದುಡ್ಡು ಹಾಕಬೇಡಿ, ತಾಯಿ. ಹುಟ್ಟಿದ ಆರೇಳು ವಾರದವರೆಗೆ ಎಲ್ಲ ಬೆಕ್ಕಿನ ಮರಿಗಳ ಕಣ್ಣೂ ನೀಲಿಯೇ. ನಿಜವಾದ ಬಣ್ಣ ಆಮೇಲೆ ಮೂಡುತ್ತದೆ. ಹಾಗಾಗಿ ಆ ಫೋಟೊದ ಮರಿಗೆ ಎರಡು ತಿಂಗಳು ಆಗಿದೆ ಎಂಬುದೇ ನನಗೆ ಅನುಮಾನ. ಆಗಿದ್ದೂ ಬಿಳಿ ಮರಿಯ ಎರಡು ಕಣ್ಣೂ ನೀಲಿಯಾಗಿಯೇ ಉಳಿದಿದ್ದರೆ, ಅದು ಕಿವುಡಾಗಿರುವ ಸಾಧ್ಯತೆ ಬಹಳ. ಬೆನ್ನ ಹಿಂದೆ ನಿಂತು ಚಪ್ಪಾಳೆ ತಟ್ಟಿ ನೋಡಬೇಕು. ಬಸ್ಸಿನಲ್ಲಿ ಬರುವ ಮರಿಗೆ ಯಾರು ಚಪ್ಪಾಳೆ ತಟ್ಟುತ್ತಾರೆ?

ಕಳೆದ ದೀಪಾವಳಿಯ ವಾರ ನನ್ನ ಕ್ಲಿನಿಕ್ಕಿಗೆ ಒಂದು ಕುಟುಂಬ ಹೀಗೇ ಬಸ್ಸಿನಲ್ಲಿ ತರಿಸಿದ ಮರಿಯನ್ನು ತಂದಿತ್ತು. ತೂತು ಕೊರೆದ ಚಪ್ಪಲಿ ಡಬ್ಬಿಯಲ್ಲಿ ರಾತ್ರಿಯಿಡೀ ಪಯಣ. ಬಾಯಿ ತೆರೆದು ನೋಡಿದರೆ ಹಿಂದಿನ ದವಡೆ ಹಲ್ಲು ಮೂಡಿಯೇ ಇಲ್ಲ. ಐದು ವಾರವೂ ತುಂಬದ ಕೂಸು. ವಾಂತಿ, ಭೇದಿ. ಪ್ಯಾನ್‌ಲ್ಯುಕೋಪೀನಿಯಾ ಎಂಬ ವೈರಸ್ ರೋಗ ತಗುಲಿತ್ತು. ನಾಲ್ಕು ದಿನ ಡ್ರಿಪ್ ಹಾಕಿದೆ, ಉಳಿಯಲಿಲ್ಲ. ಆ ಮನೆಯ ಹುಡುಗ ದಿನವೂ ಶಾಲೆ ಬಿಟ್ಟ ಕೂಡಲೇ ಯೂನಿಫಾರ್ಮಿನಲ್ಲೇ ಬಂದು ಕೂರುತ್ತಿದ್ದ. ನಿಮ್ಮ ಮಗಳಿಗೆ ಆ ಗತಿ ಬರಬಾರದು. ಮರಿ ಕನಿಷ್ಠ 8 ವಾರ ತಾಯಿಯ ಜೊತೆಗಿರಬೇಕು, 10–12 ವಾರ ಇದ್ದರೆ ಇನ್ನೂ ಒಳ್ಳೆಯದು. ಮೊದಲ ಲಸಿಕೆಯೂ 8 ವಾರಕ್ಕೇ, ಮೂರ್ನಾಲ್ಕು ವಾರ ಬಿಟ್ಟು ಎರಡನೆಯದು.

ಇನ್ನು ‘ಅಸಲಿ’ ಎಂಬ ಮಾತು. ಉದ್ದ ಕೂದಲಿದ್ದ ಮಾತ್ರಕ್ಕೆ ಪರ್ಷಿಯನ್ ಆಗುವುದಿಲ್ಲ. ಶುದ್ಧ ತಳಿ ಎನ್ನಲು ವಂಶಾವಳಿಯ ಪತ್ರ ಬೇಕು: ಅಪ್ಪ, ಅಮ್ಮ, ಅಜ್ಜ, ಅಜ್ಜಿಯರ ಹೆಸರು, ನೋಂದಣಿ ಸಂಖ್ಯೆ. ಜೊತೆಗೆ ಚರ್ಮದಡಿ ಇಡುವ ಮೈಕ್ರೋಚಿಪ್ಪಿನ 15 ಅಂಕಿ ಇದ್ದರೆ ಸ್ಕ್ಯಾನರ್ ಹಿಡಿದು ತಾಳೆ ನೋಡಬಹುದು. ಅಂಥ ಪತ್ರವಿರುವ ಮರಿ ನಮ್ಮಲ್ಲಿ ಕಡಿಮೆ, ಬೆಲೆ ಜಾಸ್ತಿ. ಬೆಂಗಳೂರಿನಲ್ಲಿ ಕ್ಯಾಟ್ ಶೋ ನಡೆದಾಗ ಹೋದರೆ ಮನೆಯಲ್ಲೇ ತಳಿ ಬೆಳೆಸುವವರು ಸಿಗುತ್ತಾರೆ. ಪರಿಚಯ ಮಾಡಿಕೊಂಡು ಅವರ ಮನೆಗೇ ಹೋಗಿ, ತಾಯಿ ಬೆಕ್ಕನ್ನು ತೋರಿಸಿ ಎನ್ನಿ. ತೋರಿಸದಿದ್ದರೆ ಎದ್ದು ಬನ್ನಿ. ಅಂಗಡಿಯಾದರೆ 2018ರ ಪೆಟ್ ಶಾಪ್ ನಿಯಮದ ಪ್ರಕಾರ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯ ನೋಂದಣಿ ಇರಲೇಬೇಕು, ಕೇಳಿ ನೋಡಿ.

ತಾಯಿಯನ್ನು ನೋಡಲು ಇನ್ನೊಂದು ಕಾರಣವಿದೆ. ಪರ್ಷಿಯನ್ ತಳಿಯಲ್ಲಿ ಕಿಡ್ನಿಯಲ್ಲಿ ನೀರುಗುಳ್ಳೆ ಬೆಳೆಯುವ ಪಿಕೆಡಿ ಎಂಬ ಕಾಯಿಲೆ ವಂಶದಲ್ಲೇ ಹರಿದು ಬರುತ್ತದೆ. ಹಲವು ದೇಶಗಳ ತಪಾಸಣೆಗಳಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಪರ್ಷಿಯನ್ ಬೆಕ್ಕುಗಳಲ್ಲಿ ಇದು ಕಂಡಿದೆ. ಅಪ್ಪ ಅಮ್ಮಂದಿರಲ್ಲಿ ಒಂದಕ್ಕಿದ್ದರೂ ಸಾಕು, ಪ್ರತಿ ಮರಿಗೂ ಅರ್ಧದಷ್ಟು ಸಾಧ್ಯತೆ. ಆದ್ದರಿಂದ ಅವುಗಳ ಜೀನ್ ಪರೀಕ್ಷೆಯನ್ನೋ ಹೊಟ್ಟೆಯ ಸ್ಕ್ಯಾನಿಂಗ್ ರಿಪೋರ್ಟನ್ನೋ ಕೇಳಿ ಪಡೆಯಿರಿ. ಮುಖದ ವಿಷಯದಲ್ಲಿ ‘ಪಂಚ್ ಫೇಸ್’ಗೆ ಮರುಳಾಗಬೇಡಿ. ಮೂಗು ಅಷ್ಟು ಒಳಗೆ ಹೋದರೆ ಉಸಿರಾಟಕ್ಕೆ ಕಷ್ಟ, ಕಣ್ಣಲ್ಲಿ ಸದಾ ನೀರು. ಮೂಗು ಕಾಣುವ ‘ಡಾಲ್ ಫೇಸ್’ ನಿಮ್ಮೂರಿನ ಏಪ್ರಿಲ್ ಬಿಸಿಲನ್ನು ಸ್ವಲ್ಪ ಸುಲಭವಾಗಿ ತಾಳೀತು. ಚರ್ಮದಲ್ಲಿ ದುಂಡಗೆ ಕೂದಲು ಉದುರಿದ್ದರೆ ಅದು ಹುಳುಕಡ್ಡಿ, ಮಕ್ಕಳಿಗೂ ಅಂಟುತ್ತದೆ.

ಆದರೆ ನನ್ನನ್ನು ಕೇಳಿದರೆ, ಮರಿಯೇ ಯಾಕೆ? ವರ್ಗವಾಯಿತು, ಮನೆಯಲ್ಲಿ ಬಸುರಿಯಿದ್ದಾಳೆ, ಕೂದಲು ಉದುರುತ್ತದೆ ಎಂದು ಜನ ಬಿಟ್ಟುಹೋದ ದೊಡ್ಡ ಪರ್ಷಿಯನ್ ಬೆಕ್ಕುಗಳಿವೆ. ದತ್ತು ಎಂಬ ಮಾತಿಗೆ ನಿಜವಾದ ಅರ್ಥ ಅಲ್ಲಿದೆ. ಬೆಂಗಳೂರಿನಲ್ಲಿ 1991ರಿಂದ ಕೆಲಸ ಮಾಡುತ್ತಿರುವ ಕ್ಯೂಪಾದಂಥ ಪ್ರಾಣಿ ರಕ್ಷಣಾ ಸಂಸ್ಥೆಗಳಲ್ಲಿ ವಿಚಾರಿಸಿ, ನಿಮ್ಮೂರಿನ ಪಶುವೈದ್ಯರಿಗೂ ಹೇಳಿಡಿ. ನಿಮ್ಮ ಮನೆ ಹೇಗಿದೆ, ಕಿಟಕಿಗೆ ಜಾಲರಿ ಇದೆಯೇ ಎಂದೆಲ್ಲ ಕೇಳಿದರೆ ಬೇಸರಿಸಬೇಡಿ. ಹಾಗೆ ಕೇಳುವವರೇ ಬೆಕ್ಕಿನ ಹಿತ ಬಯಸುವವರು. ಇದನ್ನು ಬರೆಯುವಾಗ ನನ್ನ ಮೇಜಿನ ಮೇಲೆ ಮಲಗಿರುವವಳೂ ಹಾಗೆ ಬಂದವಳೇ. ನಾಲ್ಕು ವರ್ಷದವಳಿದ್ದಾಗ, ಮೈಯೆಲ್ಲ ಜಡೆಗಟ್ಟಿದ್ದ ಕೂದಲನ್ನು ಪೂರ್ತಿ ಬೋಳಿಸಿ ಮನೆಗೆ ತಂದೆ. ಮೂರು ವಾರ ಮಂಚದ ಕೆಳಗಿನಿಂದ ಈಚೆ ಬರಲಿಲ್ಲ. ಆಮೇಲೆ ಒಂದು ರಾತ್ರಿ ತಾನಾಗಿ ಬಂದು ನನ್ನ ಕಾಲ ಬಳಿ ಮಲಗಿದಳು.

ಯಾವುದನ್ನು ತಂದರೂ ದಿನವೂ ಹತ್ತು ನಿಮಿಷ ಬಾಚುವ ಕೆಲಸ ಮಗಳದು. ಸ್ಟೀಲ್ ಬಾಚಣಿಗೆ ಕೊಡಿಸಿ. ಹಸುವಿನ ಹಾಲು ಬೇಡ, ಭೇದಿಯಾಗುತ್ತದೆ. ಜ್ವರ ಬಂದರೆ ಮನೆಯಲ್ಲಿರುವ ಪ್ಯಾರಸಿಟಮಾಲ್ ಅಂತೂ ಕೊಡಲೇಬೇಡಿ, ಬೆಕ್ಕಿಗೆ ಅದು ವಿಷ. ಮೊದಲ ವಾರ ಒಂದೇ ಕೋಣೆಯಲ್ಲಿ ಬಿಡಿ, ನೀರು ಒಂದು ಮೂಲೆಗೆ, ಲಿಟರ್ ಟ್ರೇ (ಬೆಕ್ಕಿನ ಮಲಮೂತ್ರಕ್ಕೆ ಇಡುವ ತಟ್ಟೆ) ಇನ್ನೊಂದು ಮೂಲೆಗೆ. ಬೆಕ್ಕು ನೋಡಲು ಹೋಗುವ ದಿನ ಮಗಳನ್ನೂ ಕರೆದುಕೊಂಡು ಹೋಗಿ.